ಉಲ್ಕಾಶಿಲೆಯೊಳಗಿನ ಇಂಗಾಲ ಯಾರದು?

ಮೈಸೂರಿನಿಂದ ಬೆಂಗಳೂರಿನ ದಾರಿ ಹಿಡಿದವರಿಗೆ ಮದ್ದೂರು ಎಂದರೆ ವಡೆಯ ನೆನಪು. ಉಲ್ಕಾಶಿಲೆಗಳ ಜಾಗತಿಕ ಪಟ್ಟಿಯಲ್ಲಿ ಊರಿನ ಹೆಸರು ಸೇರಿರುವುದಕ್ಕೆ ಕಾರಣ ಬೇರೆ. 1865ರ ಸೆಪ್ಟೆಂಬರ್ 21ರಂದು ಅಲ್ಲಿ ಆಕಾಶದಿಂದ ಕಲ್ಲು ಬಿದ್ದಿತ್ತು. ತಾಯಿ ಕ್ಷುದ್ರಗ್ರಹದ ಒಡಲಲ್ಲಿ ನೂರಾರು ಡಿಗ್ರಿ ಶಾಖಕ್ಕೆ ಬೆಂದ ಸಾಮಾನ್ಯ ಬಗೆಯ ಕಲ್ಲು ಅದು. ಅದರಲ್ಲಿ ಇಂಗಾಲ ತೀರಾ ಕಡಿಮೆ.

ಅಷ್ಟು ಬೇಯದೆ ಉಳಿದ, ಇಂಗಾಲ ತುಂಬಿದ ಕಪ್ಪು ಶಿಲೆಗಳು ಅಪರೂಪ. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದದ್ದು ಅಂಥದು. ಇಂಗಾಲ ಎಲ್ಲಿಂದ ಬಂತೆಂಬ ವಿಜ್ಞಾನಿಗಳ ವಾಗ್ವಾದವೆಲ್ಲ ಈ ಕಪ್ಪು ಕಲ್ಲುಗಳ ಸುತ್ತ.

1961ರಲ್ಲಿ ಬಾರ್ತೊಲೊಮ್ಯು ನಾಜ್ ಮತ್ತು ಜಾರ್ಜ್ ಕ್ಲಾಸ್, 1864ರಲ್ಲಿ ಫ್ರಾನ್ಸ್‌ನಲ್ಲಿ ಬಿದ್ದ ಓರ್ಗೇಯ್ ಶಿಲೆಯಲ್ಲಿ ಪಾಚಿಯ ಪಳೆಯುಳಿಕೆಯಂಥ ಕಣಗಳಿವೆ ಎಂದರು. ಷಿಕಾಗೋದ ಎಡ್ವರ್ಡ್ ಆ್ಯಂಡರ್ಸ್ ಒಪ್ಪಲಿಲ್ಲ. ಕೆಲವು ಕಣಗಳು ಭೂಮಿಯದೇ ಪರಾಗ ಎಂದು ವಾದಿಸಿದರು. ಅದೇ ಶಿಲೆಯ ಇನ್ನೊಂದು ತುಣುಕನ್ನು ಪರೀಕ್ಷಿಸಿದಾಗ 1964ರಲ್ಲಿ ಸಿಕ್ಕಿದ್ದು ಕುಚೇಷ್ಟೆಯ ಸಾಕ್ಷಿ: ಯಾರೋ ಹುಲ್ಲಿನ ಬೀಜ, ಕಲ್ಲಿದ್ದಲ ಚೂರು ಸೇರಿಸಿ ಅಂಟು ಹಾಕಿದ್ದರು!

ಹಾಗಾಗಿ 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಹೊಸ ಶಿಲೆಗೆ ಬೆಲೆ ಬಂತು. ಮದ್ರಾಸಿನಲ್ಲಿ ತತ್ವಶಾಸ್ತ್ರ ಓದಿದ್ದ ಶ್ರೀಲಂಕಾದ ಸಿರಿಲ್ ಪೊನ್ನಂಪೆರುಮ ಮತ್ತು ಸಂಗಡಿಗರು 1970ರಲ್ಲಿ ಅದರಲ್ಲಿ ಅಮೈನೋ ಆಮ್ಲಗಳನ್ನು ಗುರುತಿಸಿದರು. ಈ ಅಣುಗಳಲ್ಲಿ ಬಹುತೇಕವು ಎಡಗೈ–ಬಲಗೈಗಳಂತೆ ಎರಡು ಪ್ರತಿಬಿಂಬ ರೂಪಗಳಲ್ಲಿರುತ್ತವೆ. ಜೀವಿಗಳ ಪ್ರೋಟೀನು ಬಳಸುವುದು ಎಡಗೈಯದನ್ನು ಮಾತ್ರ. ಮರ್ಚಿಸನ್‌ನಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ಜೊತೆಗೆ ಪ್ರೋಟೀನಿನಲ್ಲಿ ಇರದ ಅಮೈನೋ ಆಮ್ಲಗಳೂ ಇದ್ದವು. ಇದು ಜೀವಿಯ ಕೆಲಸವಲ್ಲ, ಬರಿಯ ರಸಾಯನ ಕ್ರಿಯೆ ಎಂಬುದು ಸ್ಪಷ್ಟವಾಯಿತು.

ವಾದ ಮುಗಿಯಲಿಲ್ಲ, ದಿಕ್ಕು ಬದಲಿಸಿತು. ಆ ರಸಾಯನ ಕ್ರಿಯೆ ನಡೆದದ್ದೆಲ್ಲಿ? ಅಣುಗಳಲ್ಲಿನ ಹೆಚ್ಚಿನ ಭಾರಜಲಜನಕ, ತಾರೆಗಳ ನಡುವಿನ ಶೀತಲ ಮೋಡಗಳತ್ತ ಬೆರಳು ತೋರಿಸುತ್ತದೆ. 2002ರಲ್ಲಿ ಎರಡು ತಂಡಗಳು ಆ ಮೋಡಗಳಲ್ಲಿರುವಂಥ ಹಿಮವನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಅದರ ಮೇಲೆ ನೇರಳಾತೀತ ಕಿರಣ ಹಾಯಿಸಿ ಅಮೈನೋ ಆಮ್ಲ ಪಡೆದವು. ಕ್ಷುದ್ರಗ್ರಹದೊಳಗೆ ಕರಗಿದ ಹಿಮದ ನೀರಿನಲ್ಲೇ ಅಮೋನಿಯಾ, ಸಯನೈಡ್, ಆಲ್ಡಿಹೈಡ್‌ಗಳು ಕೂಡಿ ಇವು ಹುಟ್ಟಿದವು ಎನ್ನುವುದು ಇನ್ನೊಂದು ಪಕ್ಷ.

ಎಡಗೈ–ಬಲಗೈ ಪ್ರಶ್ನೆಗೆ ಬಂದರೆ, 1997ರಲ್ಲಿ ಜಾನ್ ಕ್ರೋನಿನ್ ಮತ್ತು ಸಾಂಡ್ರಾ ಪಿಜ್ಜರೆಲ್ಲೊ, ಮರ್ಚಿಸನ್‌ನ ಕೆಲವು ಅಪರೂಪದ ಅಮೈನೋ ಆಮ್ಲಗಳಲ್ಲಿ ಎಡಗೈ ರೂಪವೇ ತುಸು ಹೆಚ್ಚು ಎಂದು ತೋರಿಸಿದರು. ಜೀವಿಗಳ ಎಡಗೈ ಒಲವಿನ ಬೇರು ಬಾಹ್ಯಾಕಾಶದಲ್ಲೇ ಇರಬಹುದೆಂಬ ಆಸೆ ಚಿಗುರಿತು.

2023ರ ಸೆಪ್ಟೆಂಬರ್ 24ರಂದು ನಾಸಾದ ಒಸೈರಿಸ್–ರೆಕ್ಸ್ ನೌಕೆ ‘ಬೆನ್ನು’ ಎಂಬ ಕ್ಷುದ್ರಗ್ರಹದ 121.6 ಗ್ರಾಂ ಪುಡಿಯನ್ನು ಭೂಮಿಗೆ ಮುಟ್ಟಿಸಿತು. ಪ್ರೋಟೀನಿನ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿ ಸಿಕ್ಕವು. 2025ರ ವರದಿಯಂತೆ ಅಮೋನಿಯಾ ಹೇರಳವಾಗಿದ್ದು, ಮೂಲ ಸಾಮಗ್ರಿ ಸೌರವ್ಯೂಹದ ಹೊರವಲಯದ ಚಳಿಯಿಂದ ಬಂದಿರಬಹುದು. ಉಪ್ಪುನೀರಿನ ಗುರುತುಗಳು ಕ್ಷುದ್ರಗ್ರಹದ ಒಳಗೂ ರಸಾಯನ ಕ್ರಿಯೆ ನಡೆದದ್ದನ್ನು ಹೇಳುತ್ತವೆ. ಹೀಗೆ ಎರಡು ಪಕ್ಷಗಳಿಗೂ ಪಾಲು ಸಿಕ್ಕಿತು. ಆದರೆ ಎಡಗೈ–ಬಲಗೈ ಅಣುಗಳು ಅಲ್ಲಿ ಸರಿಸಮ. ಗಾಳಿ, ಮಣ್ಣು ಸೋಕದ ಮಾದರಿಯೇ ಹೀಗೆ ಹೇಳಿದ್ದರಿಂದ, ಹಳೆಯ ಉಲ್ಕಾಶಿಲೆಗಳಲ್ಲಿ ಕಂಡ ಎಡಗೈ ಹೆಚ್ಚಳಕ್ಕೆ ಭೂಮಿಯ ಸೋಂಕು ಎಷ್ಟು ಕಾರಣ ಎಂಬ ಪ್ರಶ್ನೆ ಮತ್ತೆ ಎದ್ದಿದೆ.