ಹಂಸದ ಮರಿ ಕಲಿಸಿದ ರಾಜಧರ್ಮ

ಜೀವಂಧರಸ್ವಾಮಿಯ ಚರಿತೆ ಕನ್ನಡದ ಜೈನರಿಗೆ ಚಿರಪರಿಚಿತ. ಕವಿ ಭಾಸ್ಕರನು 1424ರಲ್ಲಿ ಅದನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದನು. ಸ್ಮಶಾನದಲ್ಲಿ ಜನಿಸಿ, ವೈಶ್ಯ ಗಂಧೋತ್ಕಟನ ಮನೆಯಲ್ಲಿ ಬೆಳೆದು, ಕೊನೆಗೆ ತಂದೆಯ ಸಿಂಹಾಸನವನ್ನೇರಿದ ಈ ಪುಣ್ಯಪುರುಷನು ಹುಟ್ಟಿದಂದೇ ತಂದೆತಾಯಿಗಳಿಂದ ಅಗಲಿದ್ದೇಕೆ? ಗುಣಭದ್ರಾಚಾರ್ಯರ ಉತ್ತರಪುರಾಣವು ಪೂರ್ವಭವದ ಎಳೆವಯಸ್ಸಿನ ತಪ್ಪೊಂದನ್ನು ಇದಕ್ಕೆ ಕಾರಣವಾಗಿ ಹೇಳುತ್ತದೆ.

ಆ ಭವದಲ್ಲಿ ಅವನು ರಾಜಕುಮಾರ ಜಯದ್ರಥ. ವನವಿಹಾರಕ್ಕೆ ಹೋದಾಗ ಸರೋವರದಲ್ಲಿ ಹಂಸದ ಮರಿಯೊಂದನ್ನು ಕಂಡು, ಆಟಕ್ಕೆಂದು ಸೇವಕರಿಂದ ತರಿಸಿಕೊಂಡನು. ಮರಿಯ ತಂದೆತಾಯಿಗಳು ಆಕಾಶದಲ್ಲಿ ಸುತ್ತುತ್ತ ಗೋಳಿಟ್ಟವು. ಸೇವಕನೊಬ್ಬನು ಗಂಡುಹಂಸವನ್ನು ಕೊಂದುಬಿಟ್ಟನು. ಸಂಗತಿ ತಿಳಿದ ತಾಯಿ ನೊಂದು ಮಗನಿಗೆ ಬುದ್ಧಿ ಹೇಳಿದಳು. ಪಶ್ಚಾತ್ತಾಪಗೊಂಡ ಕುಮಾರನು 16ನೆಯ ದಿನ ಮರಿಯನ್ನು ತಾಯಿಹಕ್ಕಿಯೊಡನೆ ಸೇರಿಸಿದನು. ಆ 16 ದಿನಗಳ ಫಲವೇ ಜೀವಂಧರನಿಗೆ ಒದಗಿದ 16 ವರ್ಷಗಳ ಬಂಧುವಿಯೋಗ.

ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ಹಕ್ಕಿಯನ್ನು ಕೊಂದ ಕೈ ಕುಮಾರನದಲ್ಲ. ಆದರೆ ಆಸೆ ಅವನದು, ಆಜ್ಞೆ ಅವನದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಕರ್ಮಬಂಧಕ್ಕೆ ಕಾರಣವೆಂದು ಜಿನಧರ್ಮ ಸಾರುತ್ತದೆ. ನಾಯಕನ ಪಾಲಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆಯಿಲ್ಲ. ಅವನ ಒಂದು ಸಣ್ಣ ಬಯಕೆ ಅನುಚರರ ಕೈಯಲ್ಲಿ ಕ್ರೌರ್ಯವಾಗಬಲ್ಲದು. ಮರಿಯನ್ನು ಹಿಂದಿರುಗಿಸಬಹುದು, ಸತ್ತ ತಂದೆಯನ್ನು ಹಿಂದಿರುಗಿಸಲಾಗದು.

ಜೀವಂಧರನಾಗಿ ಹುಟ್ಟಿದಾಗಲೂ ಈ ಸಂಯಮದ ಪಾಠ ಮುಂದುವರಿಯಿತು. ತಂದೆಯನ್ನು ಕೊಂದ ಮಂತ್ರಿ ಕಾಷ್ಠಾಂಗಾರನ ದ್ರೋಹವನ್ನು ಅರಿತು ಕ್ರೋಧದಿಂದ ಕುದಿದ ಶಿಷ್ಯನಲ್ಲಿ, ಒಂದು ವರ್ಷ ತಾಳ್ಮೆಯಿಂದಿರುವುದನ್ನೇ ಗುರು ಆರ್ಯನಂದಿ ದಕ್ಷಿಣೆಯಾಗಿ ಬೇಡಿದರೆಂದು ವಾದೀಭಸಿಂಹಸೂರಿಗಳ ಕ್ಷತ್ರಚೂಡಾಮಣಿ ತಿಳಿಸುತ್ತದೆ. ಅಂದು ತಾಯಿಯ ಮಾತಿಗೆ ಬಾಗಿದವನು ಇಂದು ಗುರುವಿನ ಮಾತಿಗೆ ಬಾಗಿದನು. ತನ್ನನ್ನು ತಾನು ಆಳಬಲ್ಲವನೇ ನಾಡನ್ನು ಆಳಲು ಅರ್ಹನು.

ಮಕ್ಕಳು ತಪ್ಪು ಮಾಡುತ್ತಾರೆ. ತರಗತಿಯ ಮುಂದಾಳಾದ ಬಾಲಕ ದುರ್ಬಲನನ್ನು ಗೆಳೆಯರಿಂದ ಗೇಲಿಮಾಡಿಸಿ, 'ನಾನೇನೂ ಮಾಡಲಿಲ್ಲ' ಎನ್ನಬಹುದು. ಆಗ ಹಿರಿಯರು ಮುಚ್ಚಿಹಾಕಲೂಬಾರದು, ಬರಿಯ ದಂಡನೆಗೂ ಇಳಿಯಬಾರದು. ತಪ್ಪನ್ನು ಒಪ್ಪಿಕೊಳ್ಳುವ ಆಲೋಚನೆ, ಅದರಿಂದ ಹಿಂದಿರುಗುವ ಪ್ರತಿಕ್ರಮಣ, ಮತ್ತೆ ಮಾಡೆನೆಂಬ ಪ್ರತ್ಯಾಖ್ಯಾನ ಈ ಮೂರು ಮೆಟ್ಟಿಲುಗಳನ್ನು ಕೈಹಿಡಿದು ಹತ್ತಿಸಬೇಕು. ನೊಂದವನ ಬಳಿಗೆ ಮಗುವನ್ನು ಕರೆದೊಯ್ದು ಕ್ಷಮೆ ಕೇಳಿಸಬೇಕು. ಎಳವೆಯಲ್ಲಿ ಹಂಸದ ಮರಿಯನ್ನು ಮರಳಿಸಲು ಕಲಿತ ಕೈಗಳೇ ಮುಂದೆ ಅಧಿಕಾರವನ್ನು ಕರುಣೆಯಿಂದ ಹಿಡಿಯಬಲ್ಲವು.