ಗಂಟೆಯೊಂದೇ ಸಾಲದು

ಎಚ್‌ಐವಿಯನ್ನು ತಡೆಯುವ ಗುಳಿಗೆಯಾಗಲಿ, ಹತ್ತಿಕ್ಕುವ ಗುಳಿಗೆಯಾಗಲಿ, ತಪ್ಪದೆ ಸೇವಿಸಿದರೆ ಮಾತ್ರ ಫಲಕಾರಿ. ಇದನ್ನು ನೆನಪಿಸಲು ಮೊಬೈಲ್ ಆ್ಯಪ್ ಒಂದೇ ಸಾಕೆಂದು ಬಗೆಯುವವರು ಒಂದು ಪ್ರಯೋಗವನ್ನು ಗಮನಿಸತಕ್ಕದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರೂ ಸೇರಿದ್ದ ತಂಡವು ದಕ್ಷಿಣ ಭಾರತದ 631 ಮಂದಿ ಎಚ್‌ಐವಿ ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಸುಮಾರು ಎರಡು ವರ್ಷಕಾಲ ವಾರವಾರವೂ ಫೋನಿನ ಮೂಲಕ ನೆನಪಿಸಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೇಳತಕ್ಕ ಅಂತರವೇ ಕಾಣಲಿಲ್ಲ.

ನಮಗೆ ತೋರುವ ಕಾರಣವಿದು: ಗಂಟೆಯು ಮರೆವಿಗೆ ಮದ್ದೇ ಹೊರತು ಭಯಕ್ಕೂ ನಾಚಿಕೆಗೂ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ, ಎಲ್ಲರೂ ಎಲ್ಲರನ್ನು ಬಲ್ಲ ಊರುಗಳಲ್ಲಿ, ಮನೆಯ ಚಾವಡಿಯಲ್ಲಿ ಮೊಳಗುವ ಫೋನೇ ಗುಟ್ಟನ್ನು ರಟ್ಟುಮಾಡೀತು. ಆ ಗುಟ್ಟನ್ನು ಕಾಪಾಡಬೇಕೆಂದು 2017ರ ಕಾಯಿದೆಯು ವಿಧಿಸಿದೆ. ಅದನ್ನು ನಡೆಸುವ ಹೊಣೆ ಅಧಿಕಾರಿಗಳದು. ನಾಲಗೆಯನ್ನು ಬಿಗಿಹಿಡಿಯುವ ಹೊಣೆ ನಮ್ಮೆಲ್ಲರದು.