ಎಂಜಿನ್ ಎಷ್ಟು ಸುತ್ತು ತಾಳೀತು?

ಶಿಕಾರಿಪುರ, ಸೊರಬದ ಕಡೆ ಹಳೆಯ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯಜ್ದಿಗಳ ಮೇಲೆ, ಆಮೇಲೆ ಆರ್‌ಎಕ್ಸ್ 100ರ ಮೇಲೆ. ಪೋರ್ಟ್ ಉಜ್ಜಿ, ಸೈಲೆನ್ಸರ್ ಬದಲಿಸಿ, ಕಾರ್ಬುರೇಟರಿಗೆ ಬೇರೆ ಜೆಟ್ ಹಾಕಿದರೆ ಗಾಡಿ ಬೇರೆಯದೇ ಆಗುತ್ತಿತ್ತು. ಈಗ ಅಂಬ್ಲಿಗೊಳದ ಕೆರೆ ಏರಿಯ ಕಡೆ ಬರುವ ಹುಡುಗರ ಬೈಕುಗಳಲ್ಲಿ ಹೆಚ್ಚಿನವು ಫ್ಯೂಯಲ್ ಇಂಜೆಕ್ಷನ್‌ನವು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲಂತೂ ಎಂಜಿನ್ನಿನ ಲಗಾಮು ಪೂರ್ತಿಯಾಗಿ ಇಸಿಯು ಎಂಬ ಪುಟ್ಟ ಕಂಪ್ಯೂಟರಿನ ಕೈಗೆ ಹೋಗಿದೆ. ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಒಂದು ಹಂತದಲ್ಲಿ ಎಂಜಿನ್ ತಡವರಿಸಿ ‘ಕಟ್’ ಆಗುತ್ತದಲ್ಲ, ಅದು ಇಸಿಯು ಕೆಲಸ. ನಿಮಿಷಕ್ಕೆ ಇಷ್ಟು ಸುತ್ತು ಎಂದು ನಿಗದಿ ಮಾಡಿದ ಆರ್‌ಪಿಎಂ ದಾಟಿದ ಕೂಡಲೇ ಪೆಟ್ರೋಲನ್ನೋ ಸ್ಪಾರ್ಕನ್ನೋ ನಿಲ್ಲಿಸುತ್ತದೆ.

ಆ ಅಂಕಿಯನ್ನು ಏರಿಸುವುದು ಇವತ್ತು ಸಲೀಸು. ಬೆಂಗಳೂರಿನ ರೇಸ್ ಡೈನಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್‌ನಂಥ ಪೆಟ್ಟಿಗೆಗಳು ಮೂಲ ಇಸಿಯು ಮತ್ತು ಎಂಜಿನ್ ನಡುವೆ ಕೂತು ಪೆಟ್ರೋಲಿನ ಅಳತೆ, ಸ್ಪಾರ್ಕಿನ ಸಮಯ, ಸುತ್ತಿನ ಮಿತಿ ಎಲ್ಲವನ್ನೂ ಬದಲಿಸಬಲ್ಲವು. ಲ್ಯಾಪ್‌ಟಾಪ್ ಮುಂದೆ ಕೂತು ಅಂಕಿ ತಿದ್ದಲು ನಿಮಿಷ ಸಾಕು. ಒಳಗಿರುವ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರುತ್ತದೆ.

ಎಲ್ಲರಿಗೂ ಗೊತ್ತಿರುವ ಸ್ಪ್ಲೆಂಡರನ್ನೇ ತೆಗೆದುಕೊಳ್ಳೋಣ. ಅದರ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ 49.5 ಮಿಲಿಮೀಟರ್. 8000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 133 ಸುತ್ತು ಹಾಕುತ್ತದೆ. ಅಂದರೆ ಪಿಸ್ಟನ್ ಒಂದು ಸೆಕೆಂಡಿನಲ್ಲಿ 266 ಸಲ ಪೂರ್ತಿ ನಿಂತು, ದಿಕ್ಕು ಬದಲಿಸಿ ಮತ್ತೆ ಓಡಬೇಕು. ಪಿಸ್ಟನ್, ರಿಂಗು, ಪಿನ್ನು ಎಲ್ಲ ಸೇರಿ 100 ಗ್ರಾಂ ಎಂದಿಟ್ಟುಕೊಳ್ಳಿ. ಮೇಲ್ತುದಿಯಲ್ಲಿ ಅದನ್ನು ನಿಲ್ಲಿಸಿ ಕೆಳಗೆ ಎಳೆಯಲು ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಜಗ್ಗು ಹೆಚ್ಚುಕಡಿಮೆ 220 ಕೆಜಿ ತೂಕಕ್ಕೆ ಸಮ. ಅಂಗೈಯಲ್ಲಿ ಹಿಡಿಯುವ ಒಂದು ಪಿಸ್ಟನ್ನಿಗೆ ಎರಡು ಕ್ವಿಂಟಾಲ್ ಮೀರಿದ ಜಗ್ಗು, ಅದೂ ಸೆಕೆಂಡಿಗೆ 133 ಸಲ!

ಇದೇ ಎಂಜಿನ್ನನ್ನು 10,000ಕ್ಕೆ ಒಯ್ದರೆ ಸುತ್ತು ಹೆಚ್ಚಿದ್ದು ನೂರಕ್ಕೆ 25, ಆದರೆ ಜಗ್ಗು ಹೆಚ್ಚುವುದು ನೂರಕ್ಕೆ 56. 220 ಕೆಜಿ ಇದ್ದದ್ದು 340 ದಾಟುತ್ತದೆ. ಗದ್ದೆಯಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಕೈಯಲ್ಲೇ ಗೊತ್ತು: ಎರಡು ಪಟ್ಟು ವೇಗವಾಗಿ ತಿರುಗಿಸಿದರೆ ಕಲ್ಲು ಹಗ್ಗವನ್ನು ನಾಲ್ಕು ಪಟ್ಟು ಜಗ್ಗುತ್ತದೆ. ಸುತ್ತಿನ ಮಿತಿಯ ಬಗ್ಗೆ ಒಂದೇ ಒಂದು ಸಂಗತಿ ನೆನಪಿಡಬೇಕಿದ್ದರೆ ಜಗ್ಗು ಸುತ್ತಿನ ವರ್ಗದಂತೆ ಏರುತ್ತದೆ ಎಂಬ ಈ ಲೆಕ್ಕವನ್ನು ನೆನಪಿಡಿ.

ಪಿಸ್ಟನ್ ಓಡುವ ದೂರ, ಅಂದರೆ ಸ್ಟ್ರೋಕ್, ಉದ್ದವಾದಷ್ಟೂ ಮಿತಿ ಬೇಗ ಬರುತ್ತದೆ. ಜಾವಾದ್ದು 75 ಮಿಮೀ. 5000 ಸುತ್ತಿಗೇ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. 50 ಮಿಮೀ ಸ್ಟ್ರೋಕಿನ ಆರ್‌ಎಕ್ಸ್ 100 ಅದೇ ವೇಗ ಮುಟ್ಟುವುದು 7500ರಲ್ಲಿ. 155 ಸಿಸಿಯ ಆರ್15 ಬೈಕಿನದು 58.7 ಮಿಮೀ, 10,000 ಸುತ್ತಿನಲ್ಲಿ 19.6 ಮೀಟರ್. ರಸ್ತೆಯ ಬೈಕು 20ರ ಆಸುಪಾಸಿನಲ್ಲಿದ್ದರೆ ಆಗಲೇ ಅಂಚಿಗೆ ಬಂದಿದೆ ಎಂದು ತಿಳಿಯಬೇಕು. 25ರ ಹತ್ತಿರ ಓಡುವವು ಹೆಚ್ಚಾಗಿ ರೇಸಿನ ಎಂಜಿನ್‌ಗಳು. ಅವನ್ನು ಬಿಚ್ಚಿ ಜೋಡಿಸುವ ಕೆಲಸ ಮುಗಿಯುವುದೇ ಇಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ರಾಡಲ್ಲ, ವಾಲ್ವ್ ಸ್ಪ್ರಿಂಗು. ಕ್ಯಾಮ್ ವಾಲ್ವನ್ನು ಒತ್ತಿ ತೆರೆಯುತ್ತದೆ, ಮುಚ್ಚುವ ಹೊಣೆ ಸ್ಪ್ರಿಂಗಿನದು. ಸುತ್ತು ಮಿತಿಮೀರಿದಾಗ ಸ್ಪ್ರಿಂಗು ಹಿಂದುಳಿಯುತ್ತದೆ, ವಾಲ್ವ್ ಕ್ಯಾಮಿನ ಹಿಡಿತ ಬಿಟ್ಟು ತೇಲುತ್ತದೆ. ಮೇಲೆ ಬರುತ್ತಿರುವ ಪಿಸ್ಟನ್ ಅದಕ್ಕೆ ಬಡಿದರೆ ವಾಲ್ವ್ ಬೆಂಡ್, ಕೆಲವೊಮ್ಮೆ ಪಿಸ್ಟನ್ ತೂತು. ಈ ತೊಡಕಿನಿಂದ ಪಾರಾಗಲೆಂದೇ ಡುಕಾಟಿಯವರು ಮುಚ್ಚುವುದಕ್ಕೂ ಕ್ಯಾಮನ್ನೇ ಬಳಸಿದರು. ರೆನೋ 1986ರಲ್ಲಿ ಫಾರ್ಮುಲಾ ಒನ್‌ಗೆ ಸ್ಪ್ರಿಂಗಿನ ಬದಲು ಒತ್ತಡದ ಗಾಳಿಯನ್ನು ತಂದಿತು. ನಮ್ಮ ಕೈಯಲ್ಲಿರುವುದು ಗಟ್ಟಿ ಸ್ಪ್ರಿಂಗು ಮತ್ತು ಅದನ್ನು ವಾಲ್ವಿಗೆ ಹಿಡಿದಿಡುವ ಹಗುರ ರಿಟೇನರ್. ಸ್ಪ್ರಿಂಗು ಅತಿ ಗಟ್ಟಿಯಾದರೆ ಕ್ಯಾಮ್ ಸವೆಯುತ್ತದೆ. ಅದಕ್ಕೇ ಕ್ಯಾಮ್ ತಯಾರಿಸಿದವರು ಹೇಳಿದ ಸ್ಪ್ರಿಂಗನ್ನೇ ಹಾಕಬೇಕು. ಕ್ಯಾಮ್ ಬದಲಿಸಿದ್ದರೆ ಹೆಡ್ ಮುಚ್ಚುವ ಮೊದಲು ಪಿಸ್ಟನ್ ತಲೆಗೆ ಮಕ್ಕಳು ಆಡುವ ಬಣ್ಣದ ಮೇಣ ಮೆತ್ತಿ, ಹೆಡ್ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಬಿಚ್ಚಿ ನೋಡಿದಾಗ ವಾಲ್ವ್ ಅಚ್ಚೊತ್ತಿದ ಜಾಗದಲ್ಲಿ ಮೇಣ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮಗಿರುವ ಅಂತರ.

ಇಷ್ಟೆಲ್ಲ ಮಾಡುವ ಮೊದಲು, ಮಾಡಿ ಲಾಭವಿದೆಯೇ ಎಂದು ನೋಡಬೇಕು. ಎಂಜಿನ್ನಿನ ಶಕ್ತಿ ಅಳೆಯುವ ಡೈನೋ ಮೇಲೆ ಗಾಡಿ ಓಡಿಸಿದಾಗ ಶಕ್ತಿಯ ಗೆರೆ ಮಿತಿಗಿಂತ ಮೊದಲೇ ಕೆಳಗಿಳಿಯುತ್ತಿದ್ದರೆ ಮಿತಿ ಏರಿಸಿ ಸಿಗುವುದು ಸದ್ದು ಮಾತ್ರ. ಕ್ಯಾಮ್, ಪೋರ್ಟ್, ಸೈಲೆನ್ಸರ್ ಬದಲಿಸಿದ ಮೇಲೆ ಗೆರೆ ಇನ್ನೂ ಏರುತ್ತಿರುವಾಗಲೇ ಕಟ್ ಆಗುತ್ತಿದ್ದರೆ ಆಗ ಏರಿಸುವುದಕ್ಕೆ ಅರ್ಥವಿದೆ. ಆಗಲೂ ಒಮ್ಮೆಗೆ 200–300 ಸುತ್ತು ಸಾಕು. ಕಟ್ ಮಾಡುವಾಗ ಸ್ಪಾರ್ಕ್ ನಿಲ್ಲಿಸುವುದಕ್ಕಿಂತ ಪೆಟ್ರೋಲ್ ನಿಲ್ಲಿಸುವುದು ಲೇಸು, ಇಲ್ಲವಾದರೆ ಸುಡದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ಇದೆಲ್ಲ ಟ್ರ್ಯಾಕಿನ ಗಾಡಿಯ ಮಾತು. ರಸ್ತೆಯ ಗಾಡಿಯಲ್ಲಿ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ.

ಯಾವ ಇಸಿಯು ಕೂಡ ತಡೆಯಲಾರದ ಅಪಾಯ ಒಂದಿದೆ. ಗೇರುಸೊಪ್ಪ ಘಾಟಿ ಇಳಿಯುವಾಗ ಗಡಿಬಿಡಿಯಲ್ಲಿ ಒಟ್ಟಿಗೆ ಎರಡು ಗೇರ್ ಇಳಿಸಿ ಕ್ಲಚ್ ಬಿಟ್ಟರೆ, ಎಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ಹಿಂದಿನ ಚಕ್ರ. 8000ದಲ್ಲಿದ್ದದ್ದು ಕಣ್ಣುಮಿಟುಕಿಸುವುದರೊಳಗೆ 12,000 ದಾಟಬಹುದು. ಆಕ್ಸಿಲರೇಟರ್ ಮುಚ್ಚಿರುವುದರಿಂದ ಪಿಸ್ಟನ್ನನ್ನು ಮೇಲಿನಿಂದ ಒತ್ತಿ ಹಿಡಿಯುವ ಬಲವೂ ಕಡಿಮೆ. ಪೂರ್ತಿ ಜಗ್ಗು ರಾಡಿನ ಮೇಲೆ, ಬೋಲ್ಟ್ ಹಾಕಿ ಕೂಡಿಸಿದ ರಾಡಾದರೆ ಆ ಬೋಲ್ಟುಗಳ ಮೇಲೆ ಬೀಳುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಜಾವಾ, ಯಜ್ದಿಗಳಲ್ಲಿ ಇನ್ನೊಂದು ಕುತ್ತು: ಆಕ್ಸಿಲರೇಟರ್ ಮುಚ್ಚಿ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿನಲ್ಲೇ ಬಂದರೆ ಪೆಟ್ರೋಲಿನ ಜೊತೆ ಆಯಿಲೂ ತೀರಾ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗಬಹುದು. ಆಗಾಗ ಒಂದಿಷ್ಟು ರೇಸ್ ಕೊಡುತ್ತಾ ಇಳಿಯಿರಿ ಎಂದು ಹಳಬರು ಹೇಳುವುದು ಇದಕ್ಕೇ.

ಮಿತಿ ಏರಿಸಿ ಟ್ರ್ಯಾಕಿನಲ್ಲಿ ಓಡಿಸಿ ಬಂದ ಮೇಲೆ, ಎಂಜಿನ್ ಪೂರ್ತಿ ತಣಿದಾಗ ಟ್ಯಾಪೆಟ್ ಮುಚ್ಚಳ ಬಿಚ್ಚಿ ಫೀಲರ್ ಗೇಜಿನಲ್ಲಿ ಅಂತರ ಅಳೆಯಿರಿ. ಮೊದಲು ಬರೆದಿಟ್ಟುಕೊಂಡ ಅಳತೆಗಿಂತ ಅದು ಕಡಿಮೆಯಾಗಿದ್ದರೆ ವಾಲ್ವ್ ತನ್ನ ಸೀಟನ್ನು ಬಡಿದು ಒಳಗಿಳಿಯುತ್ತಿದೆ ಎಂದು ಅನುಮಾನಿಸಬೇಕು. ಆಗ ಟ್ಯಾಪೆಟ್ ಸರಿಮಾಡಿ ಸುಮ್ಮನಾಗಬೇಡಿ. ಏರಿಸಿದ ಸುತ್ತನ್ನು ಮೊದಲು ಇಳಿಸಿ, ಸ್ಪ್ರಿಂಗು ಬಿಚ್ಚಿ ಅದರ ಉದ್ದ ನೋಡಿ.